ಕುಕ್ಕರ್ ಕೊಳ್ಳೋ ಮುಂಚೆ ಅದರ ರಬ್ಬರ್ ಎಲ್ಲಿ ಸಿಗುತ್ತೆ ಅಂತ ಕೇಳಿ

ಸೆಕೆಂಡ್ ಇಯರ್ ಬಂತು ಅಂದ್ರೆ ಹಾಸ್ಟೆಲ್ ಬಿಟ್ಟು ರೂಮ್ ಮಾಡೋರು ಜಾಸ್ತಿಯಾಗ್ತಾರೆ. ನಾಲ್ಕು ಜನ ಸೇರಿ ಮನೆ ಹಿಡಿದು, ಅಡ್ವಾನ್ಸ್ ಕೊಟ್ಟು, ಸ್ಟವ್ವೋ ಇಂಡಕ್ಷನ್ನೋ ತಂದ ಮೇಲೆ ಬರೋ ಮೊದಲ ದೊಡ್ಡ ಚರ್ಚೆ ಕುಕ್ಕರ್‌ದು. ಒಬ್ಬರು "ಎರಡ್ಮೂರು ವರ್ಷ ತಾನೇ, ಕಡಿಮೆ ರೇಟಿಂದು ತಗೊಳೋಣ" ಅಂತಾರೆ. ಇನ್ನೊಬ್ಬರಿಗೆ ಸ್ಟೀಲ್‌ದೇ ಬೇಕು, ಯಾಕಂದ್ರೆ ಅದು ಜೀವನಪೂರ್ತಿ ಬರುತ್ತಂತೆ. ಮೂರನೆಯವರು ಫೋನಲ್ಲಿ ಆಫರ್ ತೋರಿಸ್ತಾರೆ. ನಾಲ್ಕನೆಯವರು "ಸೀನಿಯರ್ ಬಿಟ್ಟುಹೋದ ಹಳೇ ಕುಕ್ಕರ್ ಇದೆಯಲ್ಲ, ದುಡ್ಡೇ ಬೇಡ" ಅಂತಾರೆ.

ನಾಲ್ವರ ಮಾತಲ್ಲೂ ಅರ್ಥ ಇದೆ. ಆದ್ರೆ ಕುಕ್ಕರ್ ಬೇರೆ ಪಾತ್ರೆಗಳ ಥರ ಅಲ್ಲ. ತವಾ ಕೆಟ್ಟದ್ದಾದ್ರೆ ದೋಸೆ ಅಂಟುತ್ತೆ, ಅಷ್ಟೇ. ಕುಕ್ಕರ್ ಕೆಟ್ಟದ್ದಾದ್ರೆ ಸುಡೋ ಹಬೆ ಮುಖಕ್ಕೆ ಬರುತ್ತೆ. ಹಾಗಾಗಿ ಇದರಲ್ಲಿ ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಉಳಿಸಬಾರದು ಅಂತ ಮೊದಲೇ ತಿಳ್ಕೊಳ್ಳೋದು ಒಳ್ಳೇದು. ನಾವು ಕ್ಲಾಸಲ್ಲಿ ಕಲಿತಿರೋ ಲೆಕ್ಕಗಳೇ ಇದಕ್ಕೆ ಸಾಕು.

ಒಳಗೆ ಏನು ನಡೆಯುತ್ತೆ

ಕುಕ್ಕರ್‌ನ ಮೂಲ ಐಡಿಯಾ ತುಂಬಾ ಹಳೇದು. 1679ರಲ್ಲಿ ಡೆನಿಸ್ ಪಾಪಿನ್ ಅನ್ನೋ ಫ್ರೆಂಚ್ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯವರಿಗೆ ಇಂಥದ್ದೊಂದು ಪಾತ್ರೆ ತೋರಿಸಿದ. ಗಟ್ಟಿಯಾಗಿ ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸಿದ್ರೆ ಒತ್ತಡ ಏರುತ್ತೆ, ಒತ್ತಡ ಏರಿದಷ್ಟೂ ನೀರು ಕುದಿಯೋ ಉಷ್ಣತೆ ಏರುತ್ತೆ. ಇದೇ ಪೂರ್ತಿ ಕಥೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ನಮ್ಮ ಮನೆಗಳಲ್ಲಿರೋ ಕುಕ್ಕರ್ ಹೊರಗಿನ ಗಾಳಿಗಿಂತ ಸುಮಾರು 100 ಕಿಲೋಪ್ಯಾಸ್ಕಲ್ ಜಾಸ್ತಿ ಒತ್ತಡದಲ್ಲಿ ಕೆಲಸ ಮಾಡುತ್ತೆ. ಆಗ ಒಳಗಿನ ನೀರು 118-119 ಡಿಗ್ರಿ ಮುಟ್ಟುತ್ತೆ. ಮಂಗಳೂರಲ್ಲಾದ್ರೆ ಸುಮಾರು 120. ಹತ್ತು ಡಿಗ್ರಿ ಏರಿದ್ರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ದುಪ್ಪಟ್ಟು ಅನ್ನೋ ಅಂದಾಜು ಪಿಯುಸಿಯಲ್ಲಿ ಓದಿರ್ತೀವಿ. ಇಪ್ಪತ್ತು ಡಿಗ್ರಿಗೆ ನಾಲ್ಕು ಪಟ್ಟು. ತೊಗರಿಬೇಳೆ ಬೇಗ ಬೇಯೋದು ಇದಕ್ಕೇ.

ಈಗ ಇದೇ ಒತ್ತಡದ ಇನ್ನೊಂದು ಮುಖ ನೋಡಿ. ಮುಚ್ಚಳದ ವ್ಯಾಸ 20 ಸೆಂಟಿಮೀಟರ್ ಅಂದುಕೊಳ್ಳಿ. ಅದರ ವಿಸ್ತೀರ್ಣಕ್ಕೆ 100 ಕಿಲೋಪ್ಯಾಸ್ಕಲ್ ಗುಣಿಸಿದ್ರೆ ಸುಮಾರು 3,140 ನ್ಯೂಟನ್ ಬರುತ್ತೆ. ಅಂದ್ರೆ ಸುಮಾರು 320 ಕೆಜಿ ಭಾರ. ಪ್ರತಿ ದಿನ ಅನ್ನ ಮಾಡುವಾಗ ನಮ್ಮ ಕ್ಲಾಸಿನ ಐದು ಜನರ ತೂಕದಷ್ಟು ಬಲ ಆ ಮುಚ್ಚಳವನ್ನ ಮೇಲಕ್ಕೆ ತಳ್ಳುತ್ತಿರುತ್ತೆ.

ಹಾಗಾದ್ರೆ ಮೊದಲು ಹೋಗೋದು ಯಾವುದು?

ಎಲ್ಲರೂ ಅಂಗಡಿಯಲ್ಲಿ ಪಾತ್ರೆಯನ್ನ ಬೆರಳಲ್ಲಿ ತಟ್ಟಿ "ದಪ್ಪ ಇದೆಯಾ" ಅಂತ ನೋಡ್ತಾರೆ. ದಪ್ಪ ಬೇಕು, ನಿಜ. ಆದ್ರೆ ಲೆಕ್ಕ ಹಾಕಿ. ತ್ರಿಜ್ಯ 100 ಮಿ.ಮೀ., ಗೋಡೆ 3 ಮಿ.ಮೀ. ಇದ್ರೆ ತೆಳು ಸಿಲಿಂಡರ್ ಸೂತ್ರದ ಪ್ರಕಾರ ಗೋಡೆಯಲ್ಲಿ ಬರೋ ಸ್ಟ್ರೆಸ್ ಬರೀ 3.3 ಮೆಗಾಪ್ಯಾಸ್ಕಲ್. ಮೆತ್ತಗಿನ ಅಲ್ಯೂಮಿನಿಯಂ ಕೂಡ ಇದರ ಸುಮಾರು ಹತ್ತು ಪಟ್ಟು ತಡೆಯುತ್ತೆ. ಅಂದ್ರೆ ಸರಿಯಾಗಿ ತಯಾರಾದ ಕುಕ್ಕರ್‌ನ ಪಾತ್ರೆ ತಾನಾಗೇ ಸೀಳೋದು ಕಷ್ಟ. ತಳ ದಪ್ಪ ಇರಬೇಕಾದದ್ದು ಬಿಸಿ ಸಮನಾಗಿ ಹರಡೋಕೆ, ತಳ ಉಬ್ಬದೇ ಇರೋಕೆ.

ಹೋಗೋದು ಸಣ್ಣ ಸಣ್ಣ ಭಾಗಗಳು. ರಬ್ಬರ್ ಗ್ಯಾಸ್ಕೆಟ್ ಬಿಸಿಗೆ ಗಟ್ಟಿಯಾಗಿ ಸಡಿಲ ಆಗುತ್ತೆ, ಪಕ್ಕದಲ್ಲಿ ಹಬೆ ಸೋರುತ್ತೆ, ಕುಕ್ಕರ್ ಕೂಗೋದೇ ಇಲ್ಲ. ಹಬೆ ಹೋಗೋ ತೂತಿನಲ್ಲಿ ಬೇಳೆ ಸಿಪ್ಪೆ ಕೂರುತ್ತೆ. ಸೇಫ್ಟಿ ವಾಲ್ವ್ ಹಾರುತ್ತೆ. ಬೇಕಲೈಟ್ ಹಿಡಿ ಥರ್ಮೋಸೆಟ್ ಪ್ಲಾಸ್ಟಿಕ್, ಬಿಸಿಗೆ ಕರಗಲ್ಲ, ಆದ್ರೆ ಬಿದ್ರೆ ಬಿರುಕು ಬಿಡುತ್ತೆ.

ಹಾಗಾಗಿ ಕುಕ್ಕರ್‌ನ ಬಾಳಿಕೆ ಅಂದ್ರೆ ಲೋಹದ ಬಾಳಿಕೆ ಅಲ್ಲ, ಬಿಡಿಭಾಗ ಸಿಗೋವರೆಗಿನ ಬಾಳಿಕೆ. ನಮ್ಮ ಅಮ್ಮಂದಿರ ಹತ್ರ ಹತ್ತಿಪ್ಪತ್ತು ವರ್ಷದ ಕುಕ್ಕರ್ ಇನ್ನೂ ಕೂಗ್ತಿದ್ರೆ ಅದು ಪಾತ್ರೆಯ ದೊಡ್ಡತನ ಮಾತ್ರ ಅಲ್ಲ. ಅಷ್ಟು ವರ್ಷವೂ ಅದೇ ಕಂಪನಿಯ ರಬ್ಬರ್, ವಾಲ್ವ್ ಊರಿನ ಪಾತ್ರೆ ಅಂಗಡಿಯಲ್ಲಿ ಸಿಕ್ಕಿದೆ ಅಂತ ಅರ್ಥ.

"ಯಾವುದೋ ಒಂದು ವೆಯ್ಟ್ ಹಾಕಿದ್ರಾಯ್ತು" ಅನ್ನೋರಿಗೆ ಇನ್ನೊಂದು ಲೆಕ್ಕ. ತೂತು 3 ಮಿ.ಮೀ. ವ್ಯಾಸದ್ದು ಅಂದುಕೊಂಡ್ರೆ, 100 ಕಿಲೋಪ್ಯಾಸ್ಕಲ್‌ಗೆ ಮೇಲೇಳೋಕೆ ವೆಯ್ಟ್ ಸುಮಾರು 72 ಗ್ರಾಂ ಇರಬೇಕು. ಅದರ ಬದಲು 100 ಗ್ರಾಂದು ಕೂರಿಸಿದ್ರೆ ಒತ್ತಡ ಸುಮಾರು 139 ಕಿಲೋಪ್ಯಾಸ್ಕಲ್ ಆದಮೇಲೇ ಅದು ಏಳೋದು. ನೋಡೋಕೆ ಒಂದೇ ಥರ ಇರೋ ಎರಡು ವೆಯ್ಟ್, ಆದ್ರೆ ಕುಕ್ಕರ್ ಬೇರೆಯದೇ ಆಗಿಬಿಡ್ತು.

ಅಲ್ಯೂಮಿನಿಯಮ್ಮಾ, ಸ್ಟೀಲಾ?

ಅಲ್ಯೂಮಿನಿಯಂ ಹಗುರ, ಅಗ್ಗ, ಬಿಸಿಯನ್ನ ಚೆನ್ನಾಗಿ ಹರಡುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಬಿಸಿ ಹರಡೋದರಲ್ಲಿ ಅದಕ್ಕಿಂತ ಹತ್ತು ಪಟ್ಟಿಗೂ ಹಿಂದೆ. ಅದಕ್ಕೇ ಒಳ್ಳೆ ಸ್ಟೀಲ್ ಕುಕ್ಕರ್‌ಗಳ ತಳದಲ್ಲಿ ಎರಡು ಸ್ಟೀಲ್ ಹಾಳೆ ಮಧ್ಯೆ ಅಲ್ಯೂಮಿನಿಯಂ ಇಟ್ಟಿರ್ತಾರೆ. ಟ್ರೈಪ್ಲೈ ಅಂದ್ರೆ ಈ ಮೂರು ಪದರ ಗೋಡೆಯಲ್ಲೂ ಇರುತ್ತೆ. ಈ ಪದರ ಇಲ್ಲದ ತೆಳು ಸ್ಟೀಲ್ ಕುಕ್ಕರ್ ತಗೊಂಡ್ರೆ ಪಲಾವ್ ತಳ ಹಿಡಿಯೋದು ಗ್ಯಾರಂಟಿ.

ಸ್ಟೀಲ್‌ಗೆ ಜಾಸ್ತಿ ದುಡ್ಡು ಕೊಡೋಕೆ ಎರಡು ಸರಿಯಾದ ಕಾರಣ ಇದೆ. ಒಂದು, ಹುಳಿ. ಹುಣಸೆಹಣ್ಣು, ಟೊಮೆಟೊ ಹಾಕಿದ ಸಾರನ್ನ ಅಲ್ಯೂಮಿನಿಯಂನಲ್ಲಿ ರಾತ್ರಿಯಿಡೀ ಬಿಟ್ರೆ ಮೇಲಿನ ಆಕ್ಸೈಡ್ ಪದರ ಕರಗಿ ಚುಕ್ಕಿ ಚುಕ್ಕಿ ಗುಳಿ ಬೀಳುತ್ತೆ. ಸ್ಟೀಲ್‌ಗೆ ಆ ತೊಂದರೆ ಕಡಿಮೆ. ಎರಡು, ತೊಳೆಯೋದು ಸುಲಭ, ತಿಕ್ಕಿದ್ರೂ ಕಪ್ಪಾಗಲ್ಲ. ಹಾರ್ಡ್ ಅನೋಡೈಸ್ಡ್ ಅನ್ನೋದು ಇವೆರಡರ ಮಧ್ಯೆ: ಅಲ್ಯೂಮಿನಿಯಂ ಮೇಲೆ ವಿದ್ಯುತ್ತಿನಿಂದ ದಪ್ಪ ಆಕ್ಸೈಡ್ ಪದರ ಬೆಳೆಸಿರ್ತಾರೆ.

ಆದ್ರೆ "ಜೀವನಪೂರ್ತಿ ಬರುತ್ತೆ" ಅಂತ ಸ್ಟೀಲ್ ತಗೋಬೇಡಿ. ಸ್ಟೀಲ್ ಕುಕ್ಕರ್‌ಗೂ ಅದೇ ರಬ್ಬರ್, ಅದೇ ವಾಲ್ವ್. ಮೊದಲು ಹೋಗದೇ ಇರೋ ಭಾಗವನ್ನ ಇನ್ನೂ ಗಟ್ಟಿ ಮಾಡೋಕೆ ಎರಡು ಪಟ್ಟು ದುಡ್ಡು ಕೊಟ್ಟ ಹಾಗಾಗುತ್ತೆ.

ರೂಮಲ್ಲಿ ಇಂಡಕ್ಷನ್ ಇದ್ರೆ ತಳಕ್ಕೆ ಮ್ಯಾಗ್ನೆಟ್ ಹಿಡಿಯಬೇಕು. ಬರೀ ಅಲ್ಯೂಮಿನಿಯಂ ತಳ ಇಂಡಕ್ಷನ್ ಮೇಲೆ ಬಿಸಿಯಾಗಲ್ಲ. ಅಂಗಡಿಗೆ ಹೋಗುವಾಗ ಫ್ರಿಜ್ ಮ್ಯಾಗ್ನೆಟ್ ಒಂದು ಜೇಬಲ್ಲಿ ಹಾಕ್ಕೊಳ್ಳಿ.

ಮುಚ್ಚಳ, ಅಳತೆ

ಒಳಮುಚ್ಚಳದ ಕುಕ್ಕರ್‌ನಲ್ಲಿ ಮುಚ್ಚಳ ಒಳಗಿನಿಂದ ಕೂರುತ್ತೆ. ಹಬೆಯ ಒತ್ತಡವೇ ಅದನ್ನ ಬಾಯಿಗೆ ಒತ್ತಿ ಹಿಡಿಯುತ್ತೆ, ಒತ್ತಡ ಇಳಿಯೋವರೆಗೆ ತೆಗೆಯೋಕೆ ಆಗಲ್ಲ. ಹೊರಮುಚ್ಚಳದ್ದು ತಿರುಗಿಸಿ ಹಾಕೋದು, ಸುಲಭ, ಒಳಗೆ ಪಾತ್ರೆ ಮೇಲೆ ಪಾತ್ರೆ ಇಟ್ಟು ಅನ್ನ, ಬೇಳೆ ಒಟ್ಟಿಗೆ ಬೇಯಿಸೋಕೆ ಅನುಕೂಲ. ಅರ್ಧ ನಿದ್ದೆಯಲ್ಲಿ ಎಂಟು ಗಂಟೆ ಕ್ಲಾಸಿಗೆ ಮುಂಚೆ ಅಡುಗೆ ಮಾಡೋ ರೂಮಿಗೆ ನನ್ನ ಓಟು ಒಳಮುಚ್ಚಳಕ್ಕೆ. ಯಾರೂ ಅವಸರದಲ್ಲಿ ಎಳೆದು ತೆಗೆಯೋಕೆ ಆಗಲ್ಲ.

ಇಬ್ಬರಿಗೆ 3 ಲೀಟರ್, ನಾಲ್ವರಿಗೆ 5 ಲೀಟರ್ ಸಾಕು. ಚಿಕ್ಕದು ಅಗ್ಗ ಅಂತ ತಂದು ಬಾಯಿವರೆಗೆ ತುಂಬೋದು ಬೇಡ. ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ಯಾವತ್ತೂ ತುಂಬಬಾರದು. ನೊರೆ ಬರೋ ಅಕ್ಕಿ, ಬೇಳೆ ಆದ್ರೆ ಅರ್ಧಕ್ಕೇ ನಿಲ್ಲಿಸಬೇಕು. ತೂತು ಕಟ್ಟಿಕೊಳ್ಳೋದು ಈ ನೊರೆಯಿಂದಲೇ.

ದುಡ್ಡಿನ ಲೆಕ್ಕ

ಇವು ಲೆಕ್ಕಕ್ಕೆ ಅಂದುಕೊಂಡ ಬೆಲೆಗಳು, ಅಂಗಡಿ ರೇಟ್ ಅಲ್ಲ. ಒಂದು ಕುಕ್ಕರ್ 900 ರೂಪಾಯಿ, ಬಿಡಿಭಾಗ ಸಿಗಲ್ಲ. ಇನ್ನೊಂದು 1,600 ರೂಪಾಯಿ, ಬಿಡಿಭಾಗ ಎಲ್ಲಾ ಕಡೆ ಸಿಗುತ್ತೆ, ಅದಕ್ಕೆ ವರ್ಷಕ್ಕೆ 150 ರೂಪಾಯಿ ಖರ್ಚು. ಎರಡು ವರ್ಷ ಬಳಸಿ ಎರಡನೆಯದನ್ನ ಜೂನಿಯರ್‌ಗೆ 600ಕ್ಕೆ ಕೊಟ್ರೆ ವರ್ಷಕ್ಕೆ ಬಿದ್ದದ್ದು 650. ಮೊದಲನೆಯದನ್ನ ಯಾರೂ ಕೊಳ್ಳಲ್ಲ ಅಂದ್ರೂ ವರ್ಷಕ್ಕೆ 450. ಅಂದ್ರೆ ಅಗ್ಗದ್ದೇ ಅಗ್ಗ! ಆದ್ರೆ ವ್ಯತ್ಯಾಸ ನಾಲ್ಕು ಜನಕ್ಕೆ ಹಂಚಿದ್ರೆ ತಲೆಗೆ ವರ್ಷಕ್ಕೆ 50 ರೂಪಾಯಿ, ಒಂದು ದೋಸೆ ದುಡ್ಡು. ಮೊದಲ ವರ್ಷದಲ್ಲೇ ಅದರ ರಬ್ಬರ್ ಹೋಗಿ ಹೊಸ ಕುಕ್ಕರ್ ತರಬೇಕಾದ್ರೆ ವರ್ಷಕ್ಕೆ 900 ಆಯ್ತು. ಅದಕ್ಕಿಂತ ಅಪಾಯ ಏನಂದ್ರೆ, ರಬ್ಬರ್ ಸಿಗದೇ ಇದ್ದಾಗ ನಾವು ಕುಕ್ಕರ್ ಬಿಸಾಕಲ್ಲ. ಯಾವುದೋ ರಬ್ಬರ್ ಹಾಕಿ ಜುಗಾಡ್ ಮಾಡ್ತೀವಿ.

ಇನ್ನು ಐಎಸ್‌ಐ ಗುರುತು. 2021ರ ಫೆಬ್ರವರಿ 1ರಿಂದ ಮನೆ ಬಳಕೆಯ ಪ್ರೆಶರ್ ಕುಕ್ಕರ್‌ಗೆ ಇದು ಕಡ್ಡಾಯ. ಆದ್ರೂ 2022ರಲ್ಲಿ ಗುರುತಿಲ್ಲದ ಕುಕ್ಕರ್ ಮಾರೋಕೆ ಬಿಟ್ಟಿದ್ದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದೊಡ್ಡ ಆನ್‌ಲೈನ್ ಮಾರಾಟ ತಾಣಗಳಿಗೇ ದಂಡ ಹಾಕಿತ್ತು. ಹಾಗಾಗಿ ಆಫರ್ ನೋಡೋ ಮುಂಚೆ ಗುರುತು ನೋಡಿ. ಮೇಲೆ ಐಎಸ್ 2347 ಅಂತಲೂ, ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ನಂಬರ್ ಕೂಡ ಇರಬೇಕು. ಆ ನಂಬರನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದ್ರೆ ಲೈಸೆನ್ಸ್ ಯಾರದ್ದು ಅಂತ ಗೊತ್ತಾಗುತ್ತೆ.

ಸೀನಿಯರ್ ಕುಕ್ಕರ್ ಪರೀಕ್ಷೆ

ಪುಕ್ಕಟೆ ಸಿಕ್ಕಿದ್ದನ್ನ ಬೇಡ ಅನ್ನಬೇಕಿಲ್ಲ, ಪರೀಕ್ಷೆ ಮಾಡಿ ತಗೊಳ್ಳಿ.

ಸಮತಟ್ಟಾದ ಕಲ್ಲಿನ ಮೇಲೆ ಇಟ್ಟು ಅಲ್ಲಾಡಿಸಿ. ತಳ ಉಬ್ಬಿದ್ರೆ ಓಲಾಡುತ್ತೆ. ಬಾಯಿಯ ಅಂಚಿನ ಸುತ್ತ ಬೆರಳು ಓಡಿಸಿ. ಅಂಚಲ್ಲಿ ನೆಗ್ಗಿದ್ರೆ ಯಾವ ಹೊಸ ರಬ್ಬರ್ ಹಾಕಿದ್ರೂ ಸೋರುತ್ತೆ, ಅದನ್ನ ಬಿಟ್ಟುಬಿಡಿ. ತೂತನ್ನ ಬೆಳಕಿಗೆ ಹಿಡಿದು ನೋಡಿ, ಆಚೆ ಬೆಳಕು ಕಾಣಬೇಕು. ಸೇಫ್ಟಿ ವಾಲ್ವ್ ಜಾಗದಲ್ಲಿ ಸ್ಕ್ರೂ ಅಥವಾ ಬೋಲ್ಟ್ ಕೂರಿಸಿದ್ರೆ ಆ ಕುಕ್ಕರ್ ಮುಟ್ಟಲೇಬೇಡಿ. ಎಲ್ಲಾ ಸರಿಯಿದ್ರೆ ಅದೇ ಕಂಪನಿಯ ಹೊಸ ರಬ್ಬರ್, ಹೊಸ ವಾಲ್ವ್ ಹಾಕಿಸಿ. ಮೊದಲ ಸಲ ಬರೀ ನೀರು ಹಾಕಿ, ಸ್ವಲ್ಪ ದೂರ ನಿಂತು ಒಂದೆರಡು ಸಲ ಕೂಗಿಸಿ ನೋಡಿ. ಹಬೆ ವೆಯ್ಟ್ ಕೆಳಗಿಂದ ಮಾತ್ರ ಬರಬೇಕು.

ಹೊಸದು ತಗೊಳೋದಾದ್ರೆ ಅಂಗಡಿಯವರ ಹತ್ರ ರೇಟ್ ಕೇಳೋ ಮುಂಚೆ ಒಂದು ಪ್ರಶ್ನೆ ಕೇಳಿ: "ಅಣ್ಣಾ, ಇದರ ರಬ್ಬರ್, ವಾಲ್ವ್ ನಿಮ್ಮ ಹತ್ರ ಈಗ ಇದೆಯಾ?" ಇದೆ ಅಂದು ತೆಗೆದು ತೋರಿಸಿದ್ರೆ ಆ ಕುಕ್ಕರ್ ನಿಮ್ಮ ಲಿಸ್ಟಲ್ಲಿ ಇರಲಿ. "ತರಿಸಿಕೊಡ್ತೀನಿ" ಅಂದ್ರೆ ಪಕ್ಕದ್ದು ನೋಡಿ. ಜೊತೆಗೆ ಒಂದು ರಬ್ಬರ್ ಎಕ್ಸ್‌ಟ್ರಾ ತಂದಿಟ್ಕೊಳ್ಳಿ. ಅದು ಹೋಗೋದು ಯಾವಾಗಲೂ ಇಂಟರ್ನಲ್ಸ್ ಹಿಂದಿನ ರಾತ್ರಿಯೇ.