ಹವಳದ ತೊಟ್ಟಿಗೆ ಎಂಥ ಬೆಳಕು?

ಸಿಹಿನೀರಿನ ತೊಟ್ಟಿಯಲ್ಲಿ ಮೀನು ಸಾಕುವವರಿಗೆ ದೀಪವೆಂದರೆ ಮೀನಿನ ಬಣ್ಣ ಎದ್ದು ಕಾಣಿಸುವ ಸಾಧನವಷ್ಟೇ. ಉಪ್ಪುನೀರಿನಲ್ಲಿ ಹವಳ ಬೆಳೆಸುವವರಿಗೆ ಅದೇ ಆಹಾರದ ಮೂಲ. ಹವಳವು ಪ್ರಾಣಿಯೇ ಆದರೂ ಅದರ ಜೀವಕೋಶಗಳೊಳಗೆ ಜೂಜಾಂಥೆಲ್ಲೆ ಎಂಬ ಕಂದುಬಣ್ಣದ ಏಕಕೋಶ ಪಾಚಿಗಳು ನೆಲೆಸಿದ್ದು, ಅವು ದ್ಯುತಿಸಂಶ್ಲೇಷಣೆಯಿಂದ, ಅಂದರೆ ಬೆಳಕಿನ ಬಲದಿಂದ, ತಯಾರಿಸಿದ ಆಹಾರದ ದೊಡ್ಡ ಪಾಲನ್ನು ತಮಗೆ ಆಸರೆ ಕೊಟ್ಟ ಹವಳಕ್ಕೆ ಬಿಟ್ಟುಕೊಡುತ್ತವೆ. ಆದ್ದರಿಂದ ದೀಪವನ್ನು ಈ ಪಾಚಿಯ ಲೆಕ್ಕದಲ್ಲೇ ಆರಿಸಬೇಕಾಗುತ್ತದೆ.

ಕಡಲಿನ ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರುಗಳಲ್ಲೇ ಹೀರಿಬಿಡುತ್ತದೆ. ಆಳಕ್ಕಿಳಿಯುವುದು ಮುಖ್ಯವಾಗಿ ನೀಲಿ, ಮತ್ತು ಪಾಚಿಯಲ್ಲಿರುವ ಪತ್ರಹರಿತ್ತು ಹಾಗೂ ಪೆರಿಡಿನಿನ್ ಎಂಬ ವರ್ಣದ್ರವ್ಯ ಚೆನ್ನಾಗಿ ಹಿಡಿದುಕೊಳ್ಳುವುದೂ ನೀಲಿ ಮತ್ತು ನೀಲಿ-ಹಸಿರು ಕಿರಣಗಳನ್ನೇ. ಆದರೆ ಮನೆಯ ತೊಟ್ಟಿಯ 40 ಸೆಂಟಿಮೀಟರ್ ನೀರು ಅಂಥ ಸೋಸುವಿಕೆಯನ್ನು ಮಾಡಲಾರದಾದ್ದರಿಂದ ಆ ಕೆಲಸ ದೀಪದ ಪಾಲಿಗೇ ಬರುತ್ತದೆ: 420ರಿಂದ 480 ನ್ಯಾನೋಮೀಟರ್ ತರಂಗಾಂತರದ ನೀಲಿ ಎಲ್‌ಇಡಿಗಳು ಹೆಚ್ಚಾಗಿದ್ದು, ಜೊತೆಗೆ ಸ್ವಲ್ಪ ಬಿಳಿ ಇರುವ ದೀಪ ಇದಕ್ಕೆ ತಕ್ಕದ್ದು. ಇಂದು ಅದು ಸುಲಭವಾಗಿ ಸಿಗುತ್ತಿರುವುದಕ್ಕೆ ಪ್ರಖರ ನೀಲಿ ಎಲ್‌ಇಡಿಯ ಆವಿಷ್ಕಾರವೇ ಕಾರಣ. ಅದಕ್ಕಾಗಿ ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಸಂದಿತು. ನೀಲಿಯಡಿ ಹವಳದ ಪ್ರತಿದೀಪಕ ಪ್ರೋಟೀನುಗಳು ಹಸಿರಾಗಿ, ಕಿತ್ತಳೆಯಾಗಿ ಹೊಳೆಯುತ್ತವೆ. ಆ ಸೊಬಗು ನಿಜವೇ, ಆದರೆ ಬೆಳಕು ಸಾಕಷ್ಟಿದೆ ಎಂಬುದಕ್ಕೆ ಅದು ಸಾಕ್ಷಿಯಾಗದು.

ಬೆಳಕಿನ ಪ್ರಮಾಣವನ್ನು ಲಕ್ಸ್‌ನಲ್ಲಿ ಅಳೆದರೆ ಮೋಸಹೋಗುವ ಸಂಭವವಿದೆ. ಆ ಮಾನವು ಹಸಿರಿಗೆ ಹೆಚ್ಚು ಸ್ಪಂದಿಸುವ ಮನುಷ್ಯನ ಕಣ್ಣಿಗೆ ಹೊಂದಿಸಿದ್ದಾದ್ದರಿಂದ ನೀಲಿಯನ್ನು ಕಡಿಮೆಯಾಗಿ ತೋರಿಸುತ್ತದೆ. ದ್ಯುತಿಸಂಶ್ಲೇಷಣೆಗೆ ಒದಗುವ 400ರಿಂದ 700 ನ್ಯಾನೋಮೀಟರ್ ನಡುವಣ ಬೆಳಕಿನ ಕಣಗಳನ್ನು ಎಣಿಸುವ ‘ಪಾರ್’ ಮಾಪನವೇ ಇಲ್ಲಿ ಸರಿಯಾದುದು. ಅಣಬೆ ಹವಳ, ಜೋಆಂಥಿಡ್ ಮೊದಲಾದ ಮೃದು ಜೀವಿಗಳಿಗೆ ಸುಮಾರು 50ರಿಂದ 150 ಪಾರ್ ಸಾಕು; ಸಣ್ಣ ಪಾಲಿಪ್‌ಗಳ ಅಕ್ರೋಪೋರಾದಂಥ ಗಟ್ಟಿ ಹವಳಕ್ಕೆ 200ರಿಂದ 350 ಬೇಕಾಗುತ್ತದೆ. (ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಗಟ್ಟಿ ಹವಳವನ್ನು ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅದು ಹಾಗೆಯೇ ಇರಬೇಕಾದುದೂ ನ್ಯಾಯ.) ದೀಪದಿಂದ ದೂರ ಸರಿದಂತೆ ಬೆಳಕು ಹರಡಿ ಕ್ಷೀಣಿಸುವುದರಿಂದ ಒಂದೇ ತೊಟ್ಟಿಯ ಕಲ್ಲಿನ ನೆತ್ತಿಗೂ ಮರಳಿನ ತಳಕ್ಕೂ ಇಮ್ಮಡಿ ವ್ಯತ್ಯಾಸವಿರಬಹುದು; ಯಾವ ಹವಳ ಎಲ್ಲಿ ಕೂರಬೇಕೆಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಹೊಸಬರು ಬೆಳಕು ಕಡಿಮೆಯಾದೀತೆಂದು ಹೆದರುತ್ತಾರೆ, ಆದರೆ ಸಣ್ಣ ತೊಟ್ಟಿಯಲ್ಲಿ ಬೇಗ ಕೊಲ್ಲುವುದು ಅತಿಬೆಳಕು. ಒಂದು ಮಿತಿಯಾಚೆಗೆ ಪಾಚಿ ಹೆಚ್ಚು ಆಹಾರ ತಯಾರಿಸಲಾರದು. ಬಳಕೆಯಾಗದ ಶಕ್ತಿಯಿಂದ ಉಗ್ರ ಸ್ವಭಾವದ ಆಮ್ಲಜನಕದ ರೂಪಗಳು ಹುಟ್ಟಿ ಜೀವಕೋಶಗಳನ್ನು ಹಾಳುಗೆಡಹುತ್ತವೆ, ಹವಳವು ಪಾಚಿಯನ್ನು ಹೊರದೂಡುತ್ತದೆ, ಆಗ ಪಾರದರ್ಶಕ ಅಂಗಾಂಶದ ಮೂಲಕ ಸುಣ್ಣದ ಅಸ್ಥಿ ಬೆಳ್ಳಗೆ ಕಾಣುತ್ತದೆ. ಆದಕಾರಣ ಹೊಸ ದೀಪವನ್ನು ಅರ್ಧಕ್ಕಿಂತ ಕಡಿಮೆ ಬಲದಲ್ಲಿ, ದಿನಕ್ಕೆ 8ರಿಂದ 10 ಗಂಟೆ ಮಾತ್ರ ಉರಿಸಿ, ಮೂರು-ನಾಲ್ಕು ವಾರಗಳಲ್ಲಿ ಹಂತಹಂತವಾಗಿ ಏರಿಸುವುದು ಒಳಿತು. ಆ ದಿನಗಳಲ್ಲಿ ಜೋಆಂಥಿಡ್‌ಗಳನ್ನು ಹತ್ತಿರದಿಂದ ಗಮನಿಸಬೇಕು: ತೊಟ್ಟುಗಳು ಉದ್ದವಾಗಿ ದೀಪದತ್ತ ಚಾಚಿದ್ದರೆ ಅವಕ್ಕೆ ಬೆಳಕು ಸಾಲುತ್ತಿಲ್ಲ, ಹಗಲಲ್ಲೂ ಬಾಯಿಮುಚ್ಚಿ ಮುದುಡಿ, ದಿನದಿನಕ್ಕೆ ಬಣ್ಣ ಪೇಲವವಾಗುತ್ತಿದ್ದರೆ ದೀಪವನ್ನು ಒಂದೆರಡು ಗೇಣು ಮೇಲಕ್ಕೆ ಎತ್ತಬೇಕು.