ನಲವತ್ತು ದಾಟಿದ ಮೇಲೆ ಗರ್ಭನಿರೋಧಕ: ಯಾವುದು, ಎಲ್ಲಿಯವರೆಗೆ?

ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಆಗತೊಡಗಿದರೆ ‘ಇನ್ನೇನು ನಿಂತೇ ಹೋಯಿತು’ ಎಂದು ಎಷ್ಟೋ ಮಂದಿ ಎಚ್ಚರಿಕೆ ಬಿಟ್ಟುಬಿಡುತ್ತಾರೆ. ನಲವತ್ತರ ನಂತರ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತದೆ ನಿಜ, ಆದರೆ ಪೂರ್ತಿ ಹೋಗುವುದಿಲ್ಲ. ಮುಟ್ಟು ತಪ್ಪಿದ ತಿಂಗಳಲ್ಲೂ ಅಂಡಾಣು ಬಿಡುಗಡೆಯಾಗಬಹುದು. ಈ ವಯಸ್ಸಿನ ಬಸಿರಿನಲ್ಲಿ ರಕ್ತದೊತ್ತಡ, ಸಕ್ಕರೆ, ಗರ್ಭಪಾತದ ಅಪಾಯವೂ ಹೆಚ್ಚು.

ಎಲ್ಲಿಯವರೆಗೆ ಎಂಬುದಕ್ಕೆ ಒಂದು ಲೆಕ್ಕವಿದೆ. ಕೊನೆಯ ಮುಟ್ಟು 50 ವರ್ಷದೊಳಗೆ ಆಗಿದ್ದರೆ ಅಲ್ಲಿಂದ 2 ವರ್ಷ, 50 ದಾಟಿದ ಮೇಲೆ ಆಗಿದ್ದರೆ 1 ವರ್ಷ ಗರ್ಭನಿರೋಧಕ ಮುಂದುವರಿಸಬೇಕು. ಹಾರ್ಮೋನ್ ಮಾತ್ರೆ ನುಂಗುತ್ತಿರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಮಾತ್ರೆಯಿಂದ ಆಗುವ ಸ್ರಾವ ನಿಜವಾದ ಮುಟ್ಟಲ್ಲ.

ಇಲ್ಲಿ ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಪಕ್ಕದ ಮನೆಯವರ ಖಾಲಿ ಸ್ಟ್ರಿಪ್ ತಂದು ‘ಇದೇ ಕೊಡ್ರಿ’ ಅನ್ನುವುದುಂಟು. ದಯವಿಟ್ಟು ಮೊದಲು ಬಿಪಿ ನೋಡಿಸಿ. ಮಾಲಾ-ಎನ್, ಮಾಲಾ-ಡಿ ಮಾತ್ರೆಗಳಲ್ಲಿ ಈಸ್ಟ್ರೋಜನ್ ಇದೆ. ಆರೋಗ್ಯ ಚೆನ್ನಾಗಿದ್ದರೆ ನಲವತ್ತರ ನಂತರವೂ ವೈದ್ಯರು ಅದನ್ನು ಕೊಡಬಹುದು. ಬಿಪಿ ಇದ್ದವರಿಗೆ, ಬೀಡಿ-ಸಿಗರೇಟು ಸೇದುವವರಿಗೆ, ಕಣ್ಣಿಗೆ ಮಿಂಚು ಹೊಡೆದಂತಾಗಿ ಅರೆತಲೆನೋವು ಬರುವವರಿಗೆ, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ ಅದು ಬೇಡ: ಹೆಪ್ಪು, ಪಾರ್ಶ್ವವಾಯು, ಹೃದಯಾಘಾತದ ಅಪಾಯ ಏರುತ್ತದೆ. ಮಿಶ್ರಿ ಉಜ್ಜುವ ಅಭ್ಯಾಸವಿದ್ದರೆ ಅದನ್ನೂ ಹೇಳಿ, ಅದೂ ತಂಬಾಕೇ. ಟಿಬಿಗೆ ರಿಫಾಂಪಿಸಿನ್, ಫಿಟ್ಸ್‌ಗೆ ಕಾರ್ಬಮಾಜೆಪಿನ್ ಅಥವಾ ಫೆನಿಟೋಯಿನ್ ತೆಗೆದುಕೊಳ್ಳುತ್ತಿದ್ದರೆ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗುತ್ತದೆ. ಇದನ್ನು ಯಾರೂ ಕೇಳದಿದ್ದರೂ ನೀವಾಗಿಯೇ ಹೇಳಬೇಕು.

ಛಾಯಾ ಮಾತ್ರೆಯಲ್ಲಿ ಈಸ್ಟ್ರೋಜನ್ ಇಲ್ಲ. ಮೊದಲ 3 ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಆದರೆ ಅದು ಮುಟ್ಟನ್ನು ಮುಂದೂಡಬಹುದು, ಆಗ ತಡವಾದದ್ದು ಮಾತ್ರೆಯಿಂದಲೋ ವಯಸ್ಸಿನಿಂದಲೋ ಬಸಿರಿನಿಂದಲೋ ಗೊತ್ತಾಗುವುದಿಲ್ಲ. 3 ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದಿನಲ್ಲಿ ಮೂಳೆಯ ಸಾಂದ್ರತೆ ಸ್ವಲ್ಪ ತಗ್ಗುತ್ತದೆ. 45 ದಾಟಿದವರು ಮಾತಾಡಿ ನಿರ್ಧರಿಸಿ.

ನನ್ನನ್ನು ಕೇಳಿದರೆ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗದವರಿಗೆ ಕಾಪರ್-ಟಿಯಷ್ಟು ನಿರಾಳವಾದದ್ದು ಬೇರೆ ಇಲ್ಲ. ಹಾರ್ಮೋನ್ ಇಲ್ಲ, ದಿನವೂ ನೆನಪಿಡುವ ಕೆಲಸವಿಲ್ಲ, 380ಎ ಎಂಬುದು 10 ವರ್ಷ ಬಾಳುತ್ತದೆ. ಋತುಬಂಧದ ನಂತರ ತೆಗೆಸಲು ಮರೆಯಬೇಡಿ. ಈಗಾಗಲೇ ರಕ್ತ ಹೆಚ್ಚು ಹೋಗುತ್ತಿದ್ದರೆ ಕಾಪರ್-ಟಿ ಅದನ್ನು ಇನ್ನೂ ಹೆಚ್ಚಿಸೀತು. ಅಂಥವರಿಗೆ ಹಾರ್ಮೋನ್ ಇರುವ ವಂಕಿ ಒಳ್ಳೆಯದು, ಸ್ರಾವವನ್ನೂ ತಗ್ಗಿಸುತ್ತದೆ, ಬೆಲೆ ಮಾತ್ರ ಜಾಸ್ತಿ. ಯಾವುದಕ್ಕೂ ಮೊದಲು ಆ ರಕ್ತಸ್ರಾವಕ್ಕೆ ಕಾರಣವೇನೆಂದು ಪರೀಕ್ಷೆ ಆಗಲಿ.

ಪುಣೆಯ ಆಸ್ಪತ್ರೆಗಳಲ್ಲಿ ಕಾಪರ್-ಟಿಗೆ ‘ತಾಂಬಿ’ ಅನ್ನುತ್ತಾರೆ. ನರ್ಸ್ ‘ಪಾಳಿ ಕಧಿ ಆಲಿ?’ ಅಂದರೆ ಕೆಲಸದ ಪಾಳಿಯಲ್ಲ, ಮುಟ್ಟು ಯಾವಾಗ ಆಯಿತು ಎಂದು ಕೇಳುತ್ತಿದ್ದಾರೆ. ದಿನಾಂಕ ಬರೆದುಕೊಂಡು ಹೋಗಿ.

ಮಕ್ಕಳು ಸಾಕು ಅಂದವರ ಮನೆಯಲ್ಲಿ ಗಂಡಸಿನ ಆಪರೇಷನ್ ಮಾತು ಏಳುವುದೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ 37.9ರಷ್ಟು ದಂಪತಿಗಳು ಹೆಣ್ಣಿನ ಆಪರೇಷನ್ ನೆಚ್ಚಿದ್ದರೆ, ಗಂಡಿನದು ಶೇ 0.3. ಅದು ಚಿಕ್ಕ ಆಪರೇಷನ್, ಹೊಟ್ಟೆ ಕೊಯ್ಯುವುದಿಲ್ಲ. ಆದ ಮೇಲೆ 3 ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಬೇಕು.

ಗರ್ಭನಿರೋಧಕ ಬಳಸದೆ ಮುಟ್ಟು ತಡವಾಗಿದ್ದರೆ ಮೊದಲು ಮೂತ್ರದ ಪರೀಕ್ಷೆ ಮಾಡಿಕೊಳ್ಳಿ. ಬಸಿರಾಗಿದ್ದು, ಬೇಡವೆಂದಾದರೆ ಅಂಗಡಿಯಿಂದ ಗರ್ಭಪಾತದ ಮಾತ್ರೆ ತಂದು ನುಂಗಬೇಡಿ. ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಅದರಿಂದ ಪ್ರಾಣಕ್ಕೇ ಅಪಾಯ. 2021ರ ತಿದ್ದುಪಡಿಯ ನಂತರ ಕಾನೂನಿನಲ್ಲಿ ಹೇಳಿದ ಕಾರಣಗಳಿಗೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಬೇಕು, ಗಂಡನ ಸಹಿ ಬೇಕಿಲ್ಲ. ಹೆಸರು ಗುಟ್ಟಾಗಿಡುವುದು ಆಸ್ಪತ್ರೆಯ ಕಾನೂನುಬದ್ಧ ಹೊಣೆ.