ಕೆಸರಿನಲ್ಲಿ ನಿಂತ ಕಾವಲುಗಾರ: ಕಾಂಡ್ಲಾ

ಗಿಡಮರಗಳು ನೆರಳು ಕೊಡುತ್ತವೆ, ಹಣ್ಣು ಕೊಡುತ್ತವೆ, ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಪಾಠಪುಸ್ತಕದಲ್ಲಿ ಓದಿರುತ್ತಾನೆ. ಆದರೆ ತಿನ್ನುವ ಹಣ್ಣನ್ನಾಗಲಿ ಕೂರಲು ನೆರಳನ್ನಾಗಲಿ ಕೊಡದೆ, ಉಪ್ಪುನೀರಿನ ಕೆಸರಿನಲ್ಲಿ ನಿಂತು ಒಂದು ಮಹಾನಗರವನ್ನೇ ಕಾಯುವ ಸಸ್ಯವೊಂದಿದೆ. ಮಾನಖುರ್ದಿನಿಂದ ವಾಶಿಗೆ ಹೋಗುವ ಲೋಕಲ್ ರೈಲಿನ ಕಿಟಕಿಯಿಂದ ಠಾಣೆ ಖಾಡಿಯ ದಡದಲ್ಲಿ ಕಾಣುವ ಹಸಿರೆಲ್ಲ ಅದರದೇ. ಮರಾಠಿಯಲ್ಲಿ ಇಂಥ ಕಾಡಿಗೆ ಕಾಂದಳವನ ಎನ್ನುತ್ತಾರೆ. ಕುಮಟಾ, ಹೊನ್ನಾವರಗಳ ಕಡೆಯ ಹಿರಿಯರಿಗೆ ಇದು ಕಾಂಡ್ಲಾ ಎಂದೇ ಪರಿಚಿತ.

ಪುಟಾಣಿಗಳೇ, ಈ ಗಿಡ ಬದುಕುವ ಬಗೆಯೇ ಒಂದು ಸೋಜಿಗ. ದಿನಕ್ಕೆರಡು ಬಾರಿ ಭರತದ ನೀರು ಬಂದು ಅದರ ಬುಡವನ್ನು ಮುಳುಗಿಸುತ್ತದೆ. ಕೆಸರಿನೊಳಗೆ ಪ್ರಾಣವಾಯು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಕೆಲವು ಜಾತಿಯ ಕಾಂಡ್ಲಾಗಳು ಪೆನ್ಸಿಲಿನಂಥ ಬೇರುಗಳನ್ನು ಕೆಸರಿನಿಂದ ಮೇಲಕ್ಕೆತ್ತಿ, ಅವುಗಳ ಸೂಕ್ಷ್ಮ ರಂಧ್ರಗಳ ಮೂಲಕ ಉಸಿರಾಡುತ್ತವೆ. ಉಪ್ಪಿನ ಬಹುಭಾಗವನ್ನು ಬೇರಿನಲ್ಲೇ ತಡೆದು, ಒಳನುಸುಳಿದುದನ್ನು ಎಲೆಗಳಿಂದ ಹೊರಹಾಕುತ್ತವೆ. ಎಲೆಗಳ ಮೇಲೆ ಬಿಳಿಯ ಹರಳುಗಳಾಗಿ ಅದು ಕಾಣುವುದುಂಟು. ಇನ್ನು ಕೆಲವು ಜಾತಿಗಳಲ್ಲಿ ಬೀಜವು ತಾಯಿಮರದ ಮೇಲೆಯೇ ಮೊಳೆತು, ಉದ್ದನೆಯ ಸಸಿಯಾದ ನಂತರವೇ ಕೆಳಗೆ ಬೀಳುತ್ತದೆ.

ಇದರಿಂದ ನಗರಕ್ಕೇನು ಪ್ರಯೋಜನ? ಹೆಣೆದುಕೊಂಡ ಬೇರುಗಳ ನಡುವೆ ನುಗ್ಗಿದ ಅಲೆ ತನ್ನ ರಭಸವನ್ನು ಕಳೆದುಕೊಳ್ಳುತ್ತದೆ. ನೀರಿನಲ್ಲಿದ್ದ ಹೂಳು ಅಲ್ಲಿಯೇ ತಂಗಿ ದಡ ಗಟ್ಟಿಯಾಗುತ್ತದೆ. ಮೀನು, ಸಿಗಡಿ, ಏಡಿಗಳ ಮರಿಗಳಿಗೆ ಅದೇ ತೊಟ್ಟಿಲು. ಉದುರಿದ ಎಲೆ, ಸತ್ತ ಬೇರುಗಳು ಪ್ರಾಣವಾಯುವಿಲ್ಲದ ಕೆಸರಿನಲ್ಲಿ ಬೇಗ ಕೊಳೆಯುವುದಿಲ್ಲ. ಹೀಗಾಗಿ ಭೂಮಿಯನ್ನು ಬಿಸಿಯಾಗಿಸುವ ಇಂಗಾಲವು ಗಾಳಿಗೆ ಮರಳದೆ ಬಹುಕಾಲ ಅಲ್ಲಿಯೇ ಹುದುಗಿರುತ್ತದೆ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಸಮುದ್ರದ ಭರತವೂ ಅದರೊಡನೆ ಕೂಡಿತು. ಅಂಥ ಮಳೆಯನ್ನು ಕಾಂಡ್ಲಾವೊಂದೇ ತಡೆಯಬಲ್ಲುದೆಂದರೆ ಅತಿಶಯೋಕ್ತಿಯಾದೀತು. ಆದರೆ ಮಿಠಿ ನದಿಯ ಪಾತ್ರವನ್ನು ಒತ್ತರಿಸಿ, ದಡದ ಕಾಂಡ್ಲಾವನ್ನು ಅಳಿಸಿದಲ್ಲಿ ನೀರಿಗೆ ಹರಡಿಕೊಳ್ಳಲು ಸ್ಥಳವೇ ಉಳಿದಿರಲಿಲ್ಲವೆಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು. ಅದೇ ವರ್ಷ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ನಾಶಕ್ಕೆ ತಡೆಯೊಡ್ಡಿತು. 2018ರಲ್ಲಿ, ಈ ವನಗಳ ನಾಶವು ಪ್ರಜೆಗಳ ಜೀವಿಸುವ ಹಕ್ಕಿಗೇ ಧಕ್ಕೆಯೆಂದು ಸಾರಿತು. ಚಳಿಗಾಲದಲ್ಲಿ ರಾಜಹಂಸಗಳು ನೆರೆಯುವ ಠಾಣೆ ಖಾಡಿಗೆ 2022ರಲ್ಲಿ ರಾಮ್‌ಸಾರ್ ಮನ್ನಣೆ ದೊರೆಯಿತು. ಕುಮಟಾದ ಅಘನಾಶಿನಿ ಅಳಿವೆಗೆ 2024ರಲ್ಲಿ.

ಆದರೂ ಕಾಂಡ್ಲಾವನ್ನು ಕೊಲ್ಲಲು ಕೊಡಲಿಯೇ ಬೇಕಾಗಿಲ್ಲ. ಕಟ್ಟಡ ಕೆಡವಿದ ಕಲ್ಲುಮಣ್ಣನ್ನು ರಾತ್ರೋರಾತ್ರಿ ಸುರಿದು ಭರತದ ನೀರಿನ ದಾರಿಯನ್ನು ಮುಚ್ಚಿದರೆ ಸಾಕು, ವನವು ನಿಂತಲ್ಲೇ ಒಣಗುತ್ತದೆ. ಚರಂಡಿಯಲ್ಲಿ ತೇಲಿಬಂದ ಪ್ಲಾಸ್ಟಿಕ್ ಚೀಲಗಳು ಉಸಿರುಬೇರುಗಳಿಗೆ ಸುತ್ತಿಕೊಂಡರೆ ಗಿಡದ ಉಸಿರೇ ಕಟ್ಟುತ್ತದೆ. ಅದಕ್ಕೆ ಬದಲಾಗಿ ಉದ್ಯಾನದಲ್ಲಿ ನೂರು ಬೇವಿನ ಸಸಿ ನೆಟ್ಟರೂ ನಷ್ಟ ತುಂಬುವುದಿಲ್ಲ. ಬೇವು ಒಳ್ಳೆಯ ಮರವೇ, ಆದರೆ ಅಲೆಯನ್ನು ತಡೆಯುವ ಕೆಲಸ ಅದರದಲ್ಲ. ಯಾವ ಸಸ್ಯ ಎಲ್ಲಿ ಇರಬೇಕೋ ಅಲ್ಲಿ ಅದನ್ನು ಉಳಿಸುವುದೇ ನಿಜವಾದ ವೃಕ್ಷಸೇವೆ.

ಹಾಗಾದರೆ ಮಕ್ಕಳು ಮಾಡಬಹುದಾದುದೇನು? ಪೇಟೆಗೆ ಹೊರಟ ಅಮ್ಮನ ಕೈಗೆ ಬಟ್ಟೆಯ ಚೀಲವನ್ನು ನೆನಪಿನಿಂದ ಕೊಡುವುದು; ತಿಂಡಿಯ ಪೊಟ್ಟಣವನ್ನು ಮೋರಿಗೆ ಎಸೆಯದಿರುವುದು; ಖಾಡಿಯ ಅಂಚಿನಲ್ಲಿ ಲಾರಿಗಳು ಮಣ್ಣು ಸುರಿಯುವುದು ಕಂಡರೆ ಹಿರಿಯರಿಗೆ ತಿಳಿಸಿ ದೂರು ಕೊಡಿಸುವುದು. ಇವು ಸಣ್ಣ ಕೆಲಸಗಳೇ ಸರಿ. ಆದರೆ ಮುಂದಿನ ಮಹಾಮಳೆಯ ದಿನ ನೀರು ಯಾರ ಮನೆಯ ಹೊಸ್ತಿಲು ದಾಟಬೇಕೆಂಬುದು ಇಂಥ ಕೆಲಸಗಳನ್ನೂ ಅವಲಂಬಿಸಿದೆ.